ಚಾರ್‌ಮಿನಾರ್ ನಾಳೆಗಿರಲಿ, ಮೊದಲು ಕೋಠಿ

ಹೈದರಾಬಾದಿಗೆ ಹೋದವರೆಲ್ಲ ಮೊದಲು ಓಡುವುದು ಚಾರ್‌ಮಿನಾರಿಗೆ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟ ಮಕ್ಕಳನ್ನು ಎಳೆದುಕೊಂಡು, ಲಾಡ್ ಬಜಾರಿನ ನೂಕುನುಗ್ಗಲಿನಲ್ಲಿ ಅಜ್ಜಿಯ ಕೈ ಬಿಡದೆ, ನಾಲ್ಕು ಫೋಟೊ ತೆಗೆಸಿಕೊಂಡು, ಮಧ್ಯಾಹ್ನ ಬಿರಿಯಾನಿ ಮುಗಿಸಿ, ಸಂಜೆಗೆ ರಾಮೋಜಿ ಫಿಲ್ಮ್ ಸಿಟಿಯ ಟಿಕೆಟ್ ವಿಚಾರಿಸುತ್ತಾರೆ. ಅಲ್ಲಿಗೆ ಊರು ನೋಡಿ ಆಯಿತು. ನನ್ನ ಮಾತು ಕೇಳುವುದಾದರೆ ಕರ್ನಾಟಕದಿಂದ ಹೋಗುವ ಸಂಸಾರ ಈ ಊರನ್ನು ಕೋಠಿ ಎಂಬ ಪ್ರದೇಶದಿಂದ ನೋಡಲು ಶುರು ಮಾಡಬೇಕು.

ನಮ್ಮವರು ಬಂದಿಳಿಯುವ ಜಾಗಗಳಿಗೆ ಇದು ಹತ್ತಿರ ಎನ್ನುವುದು ಒಂದು ಅನುಕೂಲ. ಆದರೆ ನಾನು ಕೋಠಿಯನ್ನು ಮುಂದೆ ತರುವುದು ಅದಕ್ಕಲ್ಲ. ಬಳ್ಳಾರಿ, ರಾಯಚೂರು, ಸುರಪುರ, ಈ ಮೂರು ಊರುಗಳ ಹಣೆಬರಹ ತಿದ್ದಿದ ಕಚೇರಿ ಇಲ್ಲಿತ್ತು. ಆ ಕಚೇರಿಯ ಕಟ್ಟಡ ಇವತ್ತಿಗೂ ನಿಂತಿದೆ. ಅದನ್ನು ಬಿಟ್ಟು ಚಾರ್‌ಮಿನಾರ್ ಕೆಳಗೆ ಫೋಟೊ ತೆಗೆಸಿಕೊಂಡು ಬರುವುದು ನನಗಂತೂ ಸರಿ ಕಾಣುವುದಿಲ್ಲ.

ತಲಪುವ ಬಗೆ ಹೀಗೆ. ನಮ್ಮ ಸಾರಿಗೆ ಬಸ್ಸುಗಳು ಇಳಿಸುವುದು ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ. ಊರಿನವರು ಅದನ್ನು ಇಮ್ಲಿಬನ್ ಎನ್ನುತ್ತಾರೆ, ಬೋರ್ಡುಗಳಲ್ಲಿ ಎಂಜಿಬಿಎಸ್ ಎಂದಿರುತ್ತದೆ. ನಿಲ್ದಾಣಕ್ಕೆ ಅಂಟಿಕೊಂಡೇ ಮೆಟ್ರೊ ಇದೆ. ಅಲ್ಲಿಂದ ಕೋಠಿ ಒಂದೇ ಸ್ಟಾಪ್: ಮಿಯಾಪುರ ಕಡೆಯ ಗಾಡಿ ಹತ್ತಿದರೆ ಉಸ್ಮಾನಿಯಾ ಮೆಡಿಕಲ್ ಕಾಲೇಜ್, ಜೆಬಿಎಸ್ ಕಡೆಯದನ್ನು ಹತ್ತಿದರೆ ಸುಲ್ತಾನ್ ಬಜಾರ್. ಬೆಂಗಳೂರು, ಮೈಸೂರು ಕಡೆಯವರಿಗೆ ಕಾಚಿಗುಡ ರೈಲು ಲೇಸು. ಮೈಸೂರು–ಕಾಚಿಗುಡ ಎಕ್ಸ್‌ಪ್ರೆಸ್ ಬೆಳಗ್ಗೆ ತಂದು ಬಿಡುತ್ತದೆ. 2023ರಲ್ಲಿ ಶುರುವಾದ ಯಶವಂತಪುರದ ವಂದೇ ಭಾರತ್ ತಲಪುವುದು ರಾತ್ರಿ ತಡವಾಗಿ, ಚಿಕ್ಕ ಮಕ್ಕಳಿದ್ದರೆ ಅದನ್ನು ಯೋಚಿಸಿ ಹಿಡಿಯಿರಿ. ಕಾಚಿಗುಡ ನಿಲ್ದಾಣವೇ ನಿಜಾಮರ ಕಾಲದ್ದು, 1916ರದು. ಲಗೇಜು ಇಳಿಸುವ ಗಡಿಬಿಡಿಯಲ್ಲೂ ಒಮ್ಮೆ ಹೊರಗೆ ಬಂದು, ತಿರುಗಿ ನಿಂತು ಅದರ ಗುಮ್ಮಟಗಳನ್ನು ನೋಡಿ. ಅಲ್ಲಿಂದ ಕೋಠಿಗೆ ಆಟೊ ಸಾಕು.

ಹೊರಡುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ ಒಂದಿದೆ. ಕೋಠಿಯ ಮುಖ್ಯ ಆಕರ್ಷಣೆ ನಾನು ಮೊದಲು ಹೇಳಿದ ಆ ಕಚೇರಿ, ಬ್ರಿಟಿಷ್ ರೆಸಿಡೆನ್ಸಿ. ಅದಿರುವುದು ಮಹಿಳಾ ವಿಶ್ವವಿದ್ಯಾಲಯದ ಆವರಣದಲ್ಲಿ. ನಿಮಗೆ ಬೇಕೆಂದಾಗ ನುಗ್ಗಲು ಅದು ಉದ್ಯಾನವಲ್ಲ, ಪಾಠ ನಡೆಯುವ ಜಾಗ. ಒಳಗೆ ಬಿಡುವ ದಿನ, ಹೊತ್ತು, ಶುಲ್ಕ ಆಗಾಗ ಬದಲಾಗುತ್ತವೆ. ವಿಶ್ವವಿದ್ಯಾಲಯದಲ್ಲೋ, ವಾರಾಂತ್ಯದಲ್ಲಿ ಪರಂಪರೆ ನಡಿಗೆ ಏರ್ಪಡಿಸುವ ಊರಿನ ಗುಂಪುಗಳಲ್ಲೋ ಮುಂಚೆಯೇ ವಿಚಾರಿಸಿ ಹೆಸರು ಬರೆಸಿಕೊಳ್ಳಿ. ಗೈಡ್ ಜೊತೆಗಿದ್ದರೆ ಉತ್ತಮ. ಕಲಬುರಗಿ, ಬೀದರ್ ಕಡೆಯವರಿಗೆ ಇಲ್ಲಿನ ದಖನಿ ಹಿಂದಿ ಮನೆಮಾತಿನಷ್ಟೇ ಸಲೀಸು. ದಕ್ಷಿಣದವರು ಇಂಗ್ಲಿಷಿನ ಗೈಡನ್ನು ಕೇಳಬಹುದು. ಮಾತು ಕುದುರಿಸುವಾಗಲೇ ಹೇಳಿಬಿಡಿ: ಮಕ್ಕಳಿದ್ದಾರೆ, ಒಂದೂವರೆ ಗಂಟೆಗಿಂತ ಹೆಚ್ಚು ಬೇಡ, ಇಸವಿಗಳ ಪಟ್ಟಿ ಬೇಡ, ಕಥೆ ಹೇಳಿ. ಒಳಗೆ ಓಡಾಡುವ ವಿದ್ಯಾರ್ಥಿನಿಯರ ಫೋಟೊ ತೆಗೆಯಬಾರದು ಎಂದು ಮನೆಯ ಗಂಡಸರಿಗೂ ಹೇಳಿಟ್ಟಿರಿ.

ಗೈಡ್ ಸಿಗದಿದ್ದರೂ ಚಿಂತೆಯಿಲ್ಲ. ಮಕ್ಕಳಿಗೆ ಹೇಳಬೇಕಾದ ಕಥೆಗಳು ಇಲ್ಲಿವೆ, ಅಪ್ಪನೋ ಅಮ್ಮನೋ ರೈಲಿನಲ್ಲಿ ಓದಿಕೊಂಡು ಹೋದರೆ ಸಾಕು.

ಜೇಮ್ಸ್ ಅಕಿಲಿಸ್ ಕಿರ್ಕ್‌ಪ್ಯಾಟ್ರಿಕ್ ಎಂಬವನು 1798ರಿಂದ 1805ರವರೆಗೆ ನಿಜಾಮರ ಬಳಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್, ಅಂದರೆ ದರ್ಬಾರಿನ ಮೇಲೆ ಕಣ್ಣಿಡುವ ಪ್ರತಿನಿಧಿ, ಆಗಿದ್ದ. ಮೂಸಿ ನದಿಯ ಆಚೆ ದಂಡೆಯಲ್ಲಿ ದೊಡ್ಡ ಬಂಗಲೆ ಕಟ್ಟಬೇಕೆಂದು ಅವನಿಗೆ ಆಸೆ. ಜಾಗದ ನಕ್ಷೆಯನ್ನು ಭಾರೀ ಹಾಳೆಯ ಮೇಲೆ ಬರೆಸಿ ನಿಜಾಮ್ ಅಲಿ ಖಾನರಿಗೆ ತೋರಿಸಿದನಂತೆ. ಮುದಿ ನಿಜಾಮರು ಒಮ್ಮೆ ನೋಡಿ ಆಗುವುದಿಲ್ಲ ಎಂದುಬಿಟ್ಟರು. ಪೆಚ್ಚಾಗಿ ಹೊರಬಂದ ಕಿರ್ಕ್‌ಪ್ಯಾಟ್ರಿಕ್‌ಗೆ ಮಂತ್ರಿ ಗುಟ್ಟು ಹೇಳಿದ: ಅವರ ಇಡೀ ರಾಜ್ಯದ ನಕ್ಷೆಯೇ ಅಷ್ಟು ದೊಡ್ಡದಿಲ್ಲ, ಅರ್ಧ ರಾಜ್ಯ ಕೇಳುತ್ತಿದ್ದೀಯ ಎಂದುಕೊಂಡಿರಬೇಕು. ಅದೇ ಜಾಗವನ್ನು ಇಸ್ಪೀಟ್ ಎಲೆಯಷ್ಟು ಚೀಟಿಯ ಮೇಲೆ ಬರೆದು ಮತ್ತೆ ಒಯ್ದಾಗ ನಿಜಾಮರು ನಗುತ್ತ ಒಪ್ಪಿದರಂತೆ. ಕಥೆ ಎಷ್ಟು ನಿಜವೋ, ಭೂಗೋಳದ ಪಾಠದಲ್ಲಿ ‘ಸ್ಕೇಲ್’ ಓದುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕಟ್ಟಡದ ಕೆಲಸ ಶುರುವಾದದ್ದು 1803ರ ಸುಮಾರಿಗೆ. ನಕ್ಷೆ ಮದ್ರಾಸ್ ಎಂಜಿನಿಯರ್ಸ್ ಪಡೆಯ ಸ್ಯಾಮ್ಯುಯೆಲ್ ರಸೆಲ್‌ನದು, ಖರ್ಚು ನಿಜಾಮರದು. ಕಾವಲಿಗೆ ಕೂತವನ ಮನೆಯನ್ನೂ ಕಾವಲಿಗೆ ಒಳಗಾದವನೇ ಕಟ್ಟಿಸಿಕೊಟ್ಟದ್ದು ಆ ಕಾಲದ ರಾಜಕೀಯವನ್ನು ಚೆನ್ನಾಗಿ ಹೇಳುತ್ತದೆ. ಮುಂಭಾಗದಲ್ಲಿ ಗ್ರೀಕ್ ಗುಡಿಯ ಹಾಗೆ ಆರು ದೈತ್ಯ ಕಂಬಗಳು, ಮೇಲೆ ತ್ರಿಕೋನದಲ್ಲಿ ಕಂಪನಿಯ ಲಾಂಛನ, ಅಗಲವಾದ ಮೆಟ್ಟಿಲು, ಮೆಟ್ಟಿಲ ಎರಡು ಬದಿಗೂ ಸಿಂಹ. ಮಕ್ಕಳು ಮೊದಲು ಓಡುವುದು ಸಿಂಹದ ಕಡೆಗೆ. ಬೆನ್ನು ಹತ್ತಲು ಮಾತ್ರ ಬಿಡಬೇಡಿ. ಒಳಗೆ ಎರಡಂತಸ್ತಿನಷ್ಟು ಎತ್ತರದ ದರ್ಬಾರ್ ಹಾಲ್, ತೂಗುದೀಪಗಳು, ಬಣ್ಣ ಬಳಿದ ಚಾವಣಿ, ಎಡಬಲಕ್ಕೆ ಬಾಗಿ ಮೇಲೇರುವ ಜೋಡಿ ಮೆಟ್ಟಿಲು. ಮೊಣಕಾಲು ನೋವಿನ ಹಿರಿಯರು ಮುಂಭಾಗದ ಮೆಟ್ಟಿಲು ಹತ್ತಿದರೆ ಸಾಕು, ಮೇಲಂತಸ್ತಿಗೆ ಹಟ ಹಿಡಿಯುವುದು ಬೇಡ.

ಇನ್ನೊಂದು ಕಥೆಯನ್ನು ದರ್ಬಾರ್ ಹಾಲಿನಲ್ಲಲ್ಲ, ಹೊರಗೆ ತೋಟದಲ್ಲಿ ಕೂತು ಹೇಳಿ. ಕಿರ್ಕ್‌ಪ್ಯಾಟ್ರಿಕ್ ಹೈದರಾಬಾದಿನ ಶ್ರೀಮಂತ ಮನೆತನದ ಖೈರುನ್ನೀಸಾಳನ್ನು ಮದುವೆಯಾದ. ಕಂಪನಿಯ ಮೇಲಧಿಕಾರಿಗಳು ವಿಚಾರಣೆ ನಡೆಸುವಷ್ಟು ದೊಡ್ಡ ಗುಲ್ಲು ಅದು. ಅವಳಿಗಾಗಿ ಹಿಂಬದಿಯಲ್ಲಿ ರಂಗಮಹಲ್ ಕಟ್ಟಿಸಿದ. ಪರದೆಯೊಳಗಿದ್ದ ಹೆಂಡತಿ ಮುಂದಿನ ಭವ್ಯ ಬಂಗಲೆಯನ್ನು ಹೊರಗೆ ನಿಂತು ನೋಡುವಂತಿರಲಿಲ್ಲ. ಆದ್ದರಿಂದ ಅದರದೇ ಪುಟ್ಟ ಪ್ರತಿರೂಪವನ್ನು ಅವಳ ತೋಟದಲ್ಲಿ ಕಟ್ಟಿಸಿಕೊಟ್ಟ ಎಂದು ಜನ ಹೇಳುತ್ತಾರೆ. ರಂಗಮಹಲನ್ನು ಮುಂದೆ ಬಂದ ರೆಸಿಡೆಂಟರು ಕೆಡವಿಸಿದರು, ಗೊಂಬೆಮನೆಯಂಥ ಈ ಮಾದರಿ ಉಳಿದುಕೊಂಡಿತು. ಇವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮನೆಯಲ್ಲಿ ಅವರ ಹೆಸರು ಸಾಹಿಬ್ ಆಲಂ, ಸಾಹಿಬ್ ಬೇಗಂ. 1805ರಲ್ಲಿ, ಮಗನಿಗೆ ನಾಲ್ಕು, ಮಗಳಿಗೆ ಮೂರು ವರ್ಷವಾಗಿದ್ದಾಗ, ಇಬ್ಬರನ್ನೂ ಮದ್ರಾಸಿನಲ್ಲಿ ಹಡಗು ಹತ್ತಿಸಿ ಇಂಗ್ಲೆಂಡಿನ ಅಜ್ಜನ ಮನೆಗೆ ಕಳಿಸಿದರು. ಅಲ್ಲಿ ಅವರು ವಿಲಿಯಂ ಮತ್ತು ಕಿಟ್ಟಿ ಆದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಪ್ಪ ಕಲ್ಕತ್ತದಲ್ಲಿ ತೀರಿಕೊಂಡ. ಬಂಗಲೆ ಪೂರ್ತಿಯಾದುದನ್ನು ಅವನು ನೋಡಲಿಲ್ಲ, ತಾಯಿ ಮಕ್ಕಳ ಮುಖ ಮತ್ತೆ ನೋಡಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಕಿಟ್ಟಿ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿಗೆ ಕಾಗದ ಬರೆದಳು, ಅಜ್ಜಿ ಪರ್ಷಿಯನ್ ಭಾಷೆಯಲ್ಲಿ ಬರೆಸಿ ಉತ್ತರ ಕಳಿಸಿದಳು. ವಿಲಿಯಂ ಡಾಲ್ರಿಂಪಲ್ ಅವರ ‘ವೈಟ್ ಮೊಘಲ್ಸ್’ ಪುಸ್ತಕ (2002) ಇದನ್ನೆಲ್ಲ ಜಗತ್ತಿಗೆ ತಿಳಿಸಿತು. ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡದ ಮೇಲೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರ ಕಣ್ಣು ಬಿದ್ದು, ವರ್ಷಗಟ್ಟಲೆ ದುರಸ್ತಿ ನಡೆದು, 2023ರ ಜನವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು.

ಪ್ರೇಮಕಥೆಯನ್ನು ಯಾವ ಗೈಡೂ ಹೇಳುತ್ತಾನೆ. ಅವನು ಹೇಳದಿರುವುದು ನಮ್ಮ ಪಾಲಿನದು, ಅದನ್ನು ನೀವೇ ಹೇಳಿಕೊಳ್ಳಬೇಕು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಕಂಪನಿಯ ಜೊತೆ ನಿಂತದ್ದಕ್ಕೆ ನಿಜಾಮರಿಗೆ ಬಳ್ಳಾರಿ ಸೀಮೆ ಸಿಕ್ಕಿತ್ತು. 1800ರ ಅಕ್ಟೋಬರಿನಲ್ಲಿ ಇದೇ ಕಿರ್ಕ್‌ಪ್ಯಾಟ್ರಿಕ್ ಮಾಡಿಸಿದ ಒಪ್ಪಂದದಲ್ಲಿ, ಕಂಪನಿ ಸೈನ್ಯದ ಖರ್ಚಿನ ಬಾಬ್ತು ಎಂದು ನಿಜಾಮರು ಅದನ್ನು ಬಿಟ್ಟುಕೊಟ್ಟರು. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು ಹಾಗೆ. 1853ರಲ್ಲಿ ಸೈನ್ಯದ್ದೇ ಬಾಕಿ ನೆಪವಾಗಿ ರಾಯಚೂರು ದೋಆಬ್ ಕಂಪನಿಯ ಕೈಗೆ ಹೋಯಿತು, 1860ರಲ್ಲಿ ವಾಪಸು ಬಂತು. ಆ ವಾಪಸಾತಿಯ ಜೊತೆಗೇ ಸುರಪುರವೂ ನಿಜಾಮರಿಗೆ ಸಂದಿತು.

ಸುರಪುರದ ಮಾತು ಬಂದರೆ ರಾಜಾ ವೆಂಕಟಪ್ಪ ನಾಯಕರನ್ನು ನೆನೆಯದೆ ಮುಂದೆ ಹೋಗಲಾಗದು. 1858ರ ಫೆಬ್ರುವರಿಯಲ್ಲಿ ಸುರಪುರದ ಕೋಟೆಯ ಮೇಲೆ ಬ್ರಿಟಿಷ್ ಪಡೆ ಬಿದ್ದಾಗ ಯುವಕ ದೊರೆ ತಪ್ಪಿಸಿಕೊಂಡು ಹೈದರಾಬಾದಿಗೆ ಬಂದರು. ಇಲ್ಲಿ ಸಿಕ್ಕಿಬಿದ್ದರು. ದಿವಾನ ಸಾಲಾರ್ ಜಂಗ್ ಅವರನ್ನು ರೆಸಿಡೆಂಟನಿಗೆ ಒಪ್ಪಿಸಿದ. ವಿಚಾರಣೆ ನಡೆದು ಶಿಕ್ಷೆಯಾಯಿತು, ಸೆರೆಯಾಳಾಗಿ ಬೇರೆಡೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ತೀರಿಕೊಂಡರು. ಅವರ ಬಾಲ್ಯದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಅವನ ಬಂಗಲೆ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಇಂದಿಗೂ ಇದೆ. ಯಾದಗಿರಿ ಕಡೆಯ ಹುಡುಗ ಹುಡುಗಿಯರಿಗೆ ರೆಸಿಡೆನ್ಸಿಯ ಕಂಬಗಳನ್ನು ತೋರಿಸುವಾಗ ಈ ಕಥೆ ಬಿಟ್ಟರೆ ಪ್ರವಾಸವೇ ದಂಡ.

ರೆಸಿಡೆನ್ಸಿಯ ಗೇಟಿನಿಂದ ಹೊರಬಂದು ಬಸ್ ಸ್ಟಾಪಿನ ಕಡೆ ನಡೆದರೆ, ಹಾರ್ನ್ ಸದ್ದಿನ ನಡುವೆ ಒಂದು ಸ್ಮಾರಕ. ತುರ್ರೆಬಾಜ್ ಖಾನ್‌ನದು. 1857ರ ಜುಲೈ 17ರ ಸಂಜೆ ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ನೂರಾರು ರೋಹಿಲ್ಲಾಗಳೊಂದಿಗೆ ಈ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದ್ದರು. ಫಿರಂಗಿಯ ಮುಂದೆ ದಾಳಿ ಸೋತಿತು. ತುರ್ರೆಬಾಜ್ ಸೆರೆಯಿಂದ ತಪ್ಪಿಸಿಕೊಂಡು 1859ರಲ್ಲಿ ತೂಪ್ರಾನ್ ಬಳಿ ಗುಂಡಿಗೆ ಬಲಿಯಾದ, ಮೌಲ್ವಿ ಅಂಡಮಾನಿನಲ್ಲಿ ಸತ್ತ. ದಿನಕ್ಕೆ ಸಾವಿರಾರು ಜನ ಈ ಸ್ಮಾರಕದ ಪಕ್ಕವೇ ಬಸ್ಸಿಗೆ ಕಾಯುತ್ತಾರೆ, ತಲೆ ಎತ್ತಿ ನೋಡುವವರು ಕಡಿಮೆ. ನೀವಾದರೂ ಎರಡು ನಿಮಿಷ ನಿಲ್ಲಿ. ಟ್ರಾಫಿಕ್ ಮಾತ್ರ ಜೋರು, ಮಕ್ಕಳ ಕೈ ಬಿಡಬೇಡಿ.

ಎದುರಿನಲ್ಲೇ ಉಸ್ಮಾನಿಯಾ ಮೆಡಿಕಲ್ ಕಾಲೇಜು. 1846ರಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಎಂದು ಶುರುವಾದ ಸಂಸ್ಥೆ ಇದು. ಒಳಗೆ ನೋಡಲು ಹೋಗುವ ಅಗತ್ಯವಿಲ್ಲ, ಆದರೆ ಡಾಕ್ಟರಾಗುವ ಕನಸಿನ ಹುಡುಗಿ ನಿಮ್ಮ ಮನೆಯಲ್ಲಿದ್ದರೆ ರೂಪಾಬಾಯಿ ಫರ್ದೂನ್‌ಜಿಯ ಹೆಸರು ಹೇಳಿ. 1885ರಲ್ಲಿ ಇಲ್ಲಿ ಓದಲು ಸೇರಿದ ಈ ಪಾರ್ಸಿ ಹೆಣ್ಣುಮಗಳನ್ನು ಜಗತ್ತಿನ ಮೊಟ್ಟಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಎಣಿಸುತ್ತಾರೆ. ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ, ಅರಿವಳಿಕೆಗೆ ಕೊಡುತ್ತಿದ್ದ ಕ್ಲೋರೊಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888, 1889ರಲ್ಲಿ ನಿಜಾಮರ ಬೆಂಬಲದಿಂದ ನಡೆಸಿದ ಹೈದರಾಬಾದ್ ಕ್ಲೋರೊಫಾರ್ಮ್ ಆಯೋಗಗಳು ಲಂಡನ್ನಿನ ವೈದ್ಯರನ್ನೂ ಜಗಳಕ್ಕೆಳೆದಿದ್ದವು.

ಈ ಹೊತ್ತಿಗೆ ಮಕ್ಕಳಿಗೆ ಹಸಿವು. ಕೋಠಿಯ ಸುತ್ತ ತಿಂಡಿಗೆ ಬರವಿಲ್ಲ. ಗೋಕುಲ್ ಚಾಟ್ ಎಲ್ಲರಿಗೂ ಗೊತ್ತು. 2007ರ ಆಗಸ್ಟ್ 25ರಂದು ಅಲ್ಲಿ ಬಾಂಬ್ ಸಿಡಿದು ಜೀವಗಳು ಹೋದವು, ಅಂಗಡಿ ಮತ್ತೆ ಎದ್ದು ನಿಂತಿತು. ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಚಾಟ್ ತಿನ್ನುವುದಿದ್ದರೆ ಮಧ್ಯಾಹ್ನವೇ ಹೋಗಿ. ಕೂತು ಉಣ್ಣಬೇಕು, ಹಿರಿಯರಿಗೆ ಇಡ್ಲಿ, ಅನ್ನ-ಸಾರು ಬೇಕು ಎಂದರೆ ಅಬಿಡ್ಸ್‌ನ ತಾಜ್‌ಮಹಲ್ ಹೋಟೆಲ್, 1948ರದು, ಆಟೊದಲ್ಲಿ ಸ್ವಲ್ಪವೇ ದೂರ. ಬರುವಾಗ 1935ರ ಮೊಅಜ್ಜಂ ಜಾಹಿ ಮಾರ್ಕೆಟಿನ ಕಲ್ಲಿನ ಕಮಾನುಗಳ ಕೆಳಗೆ ಹಣ್ಣಿನ ಐಸ್‌ಕ್ರೀಂ ಕೊಡಿಸಿದರೆ ಮಕ್ಕಳು ಉಳಿದ ಅರ್ಧ ದಿನ ತಕರಾರಿಲ್ಲದೆ ನಡೆಯುತ್ತಾರೆ.

ಊಟದ ನಂತರ ಸುಲ್ತಾನ್ ಬಜಾರ್. ಒಂದು ಕಾಲಕ್ಕೆ ಇದು ರೆಸಿಡೆನ್ಸಿ ಬಜಾರ್. ನಿಜಾಮರ ಊರಿನೊಳಗೇ ಇದ್ದರೂ ನಿಜಾಮರ ಕಾನೂನು ನಡೆಯದ, ಬ್ರಿಟಿಷರ ಹಿಡಿತದಲ್ಲಿದ್ದ ಪೇಟೆ. ಲೇವಾದೇವಿ ಸಾಹುಕಾರರು ಇಲ್ಲಿ ನೆಲೆಯೂರಿದ್ದಕ್ಕೂ, ದರ್ಬಾರಿಗೆ ಹಿಡಿಸದ ಸಭೆ ಸಂಘಗಳು ಇಲ್ಲಿ ಬೆಳೆದದ್ದಕ್ಕೂ ಅದೇ ಕಾರಣ. 1933ರಲ್ಲಷ್ಟೇ ಇದು ನಿಜಾಮರ ಕೈಗೆ ಮರಳಿತು. 1865ರ ಗಡಿಯಾರ ಗೋಪುರ ಇನ್ನೂ ಇದೆ, ಹುಡುಕಿ ನೋಡಿ. ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ ಎಂಬ ಗ್ರಂಥಾಲಯವೂ ಇಲ್ಲೇ. 1901ರಲ್ಲಿ, ಉರ್ದು ಆಡಳಿತದ ನಡುವೆ ತೆಲುಗು ಉಳಿಸಿಕೊಳ್ಳಲು ಕಟ್ಟಿದ್ದು. ನಮ್ಮ ಹಂಪಿಯ ದೊರೆಯ ಹೆಸರನ್ನು ಇಟ್ಟುಕೊಂಡಿದ್ದಾರೆ. ಅವನು ಯಾರವನು ಎಂಬ ವಾದವನ್ನು ಬಾಗಿಲಲ್ಲಿ ನಿಂತು ಶುರು ಮಾಡಬೇಡಿ, ಸಂಜೆಯಾಗಿಬಿಡುತ್ತದೆ.

ಬಜಾರಿನಲ್ಲಿ ಹೆಂಗಸರಿಗೆ ಸೀರೆ, ಬಳೆ, ಸ್ಟೀಲ್ ಪಾತ್ರೆ. ಹೇಳಿದ ಬೆಲೆ ಕೊಡುವವರು ಇಲ್ಲಿ ಯಾರೂ ಇಲ್ಲ, ಅರ್ಧದಿಂದ ಚೌಕಾಸಿ ಶುರು ಮಾಡಿ. ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಅಗ್ಗ, ಗ್ಯಾರಂಟಿ ಕೇಳಬೇಡಿ. ಹೈಸ್ಕೂಲು, ಕಾಲೇಜಿನ ಮಕ್ಕಳಿದ್ದರೆ ಕೋಠಿಯ ಹಳೆ ಪುಸ್ತಕದ ಸಾಲಿಗೆ ಬಿಟ್ಟುಬಿಡಿ. ಎಂಜಿನಿಯರಿಂಗ್, ಮೆಡಿಕಲ್, ಪ್ರವೇಶ ಪರೀಕ್ಷೆಯ ಪುಸ್ತಕಗಳು ರಾಶಿ ಬಿದ್ದಿರುತ್ತವೆ.

ಎರಡನೆಯ ದಿನಕ್ಕೆ ಮೂಸಿ ದಾಟಿ. ಅಫ್ಜಲ್‌ಗಂಜ್ ಕಡೆಯಿಂದ ಹೋಗುವಾಗ ಎಡಬಲಕ್ಕೆ ಉಸ್ಮಾನಿಯಾ ಆಸ್ಪತ್ರೆ, 1891ರಲ್ಲಿ ಆಸಫಿಯಾ ಎಂದು ಹುಟ್ಟಿದ ಗ್ರಂಥಾಲಯ, ನದಿಯಾಚೆ ಹೈಕೋರ್ಟ್. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಈಗ ಕಾಣುವುದು ಕೊಳಚೆ. 1908ರ ಸೆಪ್ಟೆಂಬರ್ 28ರಂದು ಇದೇ ನೀರು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಇಂದಿನ ಆಸ್ಪತ್ರೆ ಆವರಣದ ಹುಣಸೆ ಮರವೊಂದನ್ನು ಹತ್ತಿ ಸುಮಾರು 150 ಮಂದಿ ಜೀವ ಉಳಿಸಿಕೊಂಡರು ಎನ್ನುತ್ತಾರೆ, ಮರ ಈಗಲೂ ಇದೆ. ಮುಂದೆ ಇಂಥ ಪ್ರವಾಹ ಬರದ ಹಾಗೆ ಉಪಾಯ ಹೇಳಲು ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ವಿದೇಶ ಸುತ್ತುತ್ತಿದ್ದವರು 1909ರಲ್ಲಿ ಇಲ್ಲಿಗೆ ಬಂದರು. ಮೈಸೂರಿನ ಚೀಫ್ ಎಂಜಿನಿಯರ್ ಆಗುವ ಮುಂಚಿನ ಕೆಲಸ ಇದು. ಊರಿನ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕು ಎಂಬ ಅವರ ಸಲಹೆಯಿಂದ ಹುಟ್ಟಿದ್ದು ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927). ಕೆಆರ್‌ಎಸ್ ನೋಡಿದ ಮಕ್ಕಳಿಗೆ ಇದನ್ನು ಇಲ್ಲಿಯೇ, ಸೇತುವೆಯ ಮೇಲೆಯೇ ಹೇಳಬೇಕು. ಆಸ್ಪತ್ರೆಯೊಳಗೆ ಮರ ನೋಡಲು ಇಡೀ ದಂಡು ನುಗ್ಗಬೇಡಿ, ರೋಗಿಗಳಿರುವ ಜಾಗ.

ಸೇತುವೆ ದಾಟಿದರೆ ಸಾಲಾರ್ ಜಂಗ್ ಮ್ಯೂಸಿಯಂ. ಶುಕ್ರವಾರ ಬಾಗಿಲು ಹಾಕಿರುತ್ತದೆ. ಇಡೀ ಮ್ಯೂಸಿಯಂ ಒಂದೇ ದಿನ ನೋಡುತ್ತೇನೆ ಎನ್ನುವವರನ್ನು ನಂಬಬೇಡಿ. ಸಂಸಾರಸ್ಥರು ಹನ್ನೊಂದರ ಸುಮಾರಿಗೆ ಒಳಹೊಕ್ಕು, ಬೀದರಿನವರ ಕಪ್ಪು-ಬೆಳ್ಳಿ ಬಿದ್ರಿ ಸಾಮಾನು, ದಂತದ ವಸ್ತುಗಳ ನಡುವೆ ಟಿಪ್ಪುವಿಗೆ ಫ್ರಾನ್ಸಿನ ದೊರೆ ಕಳಿಸಿದ್ದೆಂದು ಹೇಳುವ ಕುರ್ಚಿಗಳು, ಆಟಿಕೆ ಸಿಪಾಯಿಗಳು, ಬೆಂಜೋನಿ ಕೆತ್ತಿದ ಮುಸುಕಿನ ರೆಬೆಕ್ಕಾ ಶಿಲ್ಪ, ಇಷ್ಟು ನೋಡಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಂಗೀತ ಗಡಿಯಾರದ ಮುಂದೆ ಜಾಗ ಹಿಡಿಯಿರಿ. ಗಂಟೆಗೊಮ್ಮೆ ಪುಟ್ಟ ಗಡ್ಡದವನು ಹೊರಬಂದು ಗಂಟೆ ಬಾರಿಸುತ್ತಾನೆ. ಹನ್ನೆರಡಕ್ಕಾದರೆ ಹನ್ನೆರಡು ಹೊಡೆತ.

ಅಲ್ಲಿಂದ ಪತ್ಥರ್‌ಗಟ್ಟಿಯ ದಾರಿಯಲ್ಲಿ ಬಾದಶಾಹಿ ಆಶೂರ್‌ಖಾನಾ ಇದೆ. ಚಾರ್‌ಮಿನಾರಿನ ಸಮಕಾಲೀನ, ಗೋಡೆಯ ತುಂಬ ಬಣ್ಣದ ಹೆಂಚಿನ ಚಿತ್ತಾರ. ಪ್ರವಾಸಿಗಳು ಅದನ್ನು ದಾಟಿಕೊಂಡೇ ಹೋಗುತ್ತಾರೆ. ಪ್ರಾರ್ಥನೆಯ ಸ್ಥಳ, ಚಪ್ಪಲಿ ಹೊರಗೆ ಬಿಟ್ಟು, ಕೇಳಿಕೊಂಡು ಒಳಗೆ ಹೋಗಿ. ಆಮೇಲೆ 1591ರ ಚಾರ್‌ಮಿನಾರ್ ತಾನಾಗಿಯೇ ಎದುರಾಗುತ್ತದೆ. ಅದರ ಸುತ್ತು ಮೆಟ್ಟಿಲು ತೀರ ಇಕ್ಕಟ್ಟು, ಹಿರಿಯರೂ ಕೈಗೂಸುಗಳೂ ಕೆಳಗೇ ಇರಲಿ. ಚೌಮಹಲ್ಲಾ ಅರಮನೆ ಪಕ್ಕದಲ್ಲೇ, ಅದಕ್ಕೂ ಶುಕ್ರವಾರ ರಜೆ. ಮಕ್ಕಳು ಓಡಾಡಲು ವಿಶಾಲವಾದ ಅಂಗಳ, ನಿಜಾಮರ ಹಳೆಯ ಮೋಟಾರು ಕಾರುಗಳು ಇರುವುದರಿಂದ ಅರಮನೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಇದಾವುದೂ ಬೇಡ. ನವೆಂಬರಿನಿಂದ ಫೆಬ್ರುವರಿಯವರೆಗೆ ಹೋಗಿ. ಮೊಹರಂ, ರಂಜಾನಿನ ಸಂಜೆಗಳಲ್ಲಿ ಹಳೇ ಊರಿನ ದಾರಿಗಳು ತುಂಬಿರುತ್ತವೆ. ಅದರ ಸೊಗಸೇ ಬೇರೆ, ಆದರೆ ಚಿಕ್ಕ ಮಕ್ಕಳ ಜೊತೆ ಕಷ್ಟ. ಶೌಚಾಲಯಕ್ಕೆ ಮ್ಯೂಸಿಯಂ, ಮೆಟ್ರೊ ನಿಲ್ದಾಣ ನಂಬಿಕೊಳ್ಳಿ, ಬಜಾರಿಗೆ ಇಳಿಯುವ ಮುಂಚೆಯೇ ಮಕ್ಕಳನ್ನು ಕೇಳಿ. ಕಾಚಿಗುಡದಲ್ಲಿ ವಾಪಸಿನ ರೈಲಿಗೆ ಹೊತ್ತಿದ್ದರೆ ಅಲ್ಲಿಯೇ ಇರುವ ಕರ್ನಾಟಕ ಸಾಹಿತ್ಯ ಮಂದಿರವನ್ನೂ, ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯನ್ನೂ ವಿಚಾರಿಸಿಕೊಂಡು ಹೋಗಿ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಈ ರಾಜಧಾನಿಗೇ ಸೇರಿದ್ದವು. ಓದಲು, ನೌಕರಿಗೆ, ಕೋರ್ಟು ಕಚೇರಿಗೆ ಬಂದು ಇಲ್ಲಿಯೇ ಉಳಿದವರ ಮನೆಗಳಲ್ಲಿ ಇನ್ನೂ ಕನ್ನಡ ಕೇಳುತ್ತದೆ. ಈ ಊರನ್ನು ಒಳಗಿನಿಂದ ತೋರಿಸುವ ಗೈಡ್ ಬೇಕಿದ್ದರೆ ಒಳ್ಳೆಯ ಹೆಸರು ಸಿಗುವುದು ಅವರಲ್ಲೇ. ಮುಂದಿನ ಸಲಕ್ಕೆ ಬರೆದಿಟ್ಟುಕೊಳ್ಳಿ, ಗೋಲ್ಕೊಂಡಕ್ಕೆ ಬೇಕಾಗುತ್ತದೆ.